ಬಹುಮತ ಹೋದರೂ ಬೀಳದ ಸರ್ಕಾರ

೧೯೮೬, ಕ್ಯಾಲಿಫೋರ್ನಿಯಾ. ಮಂಗಳವಾರ ಬೆಳಗಿನ ಐದೂಮುಕ್ಕಾಲು. ಕ್ಯಾಂಪ್‌ಬೆಲ್‌ನಿಂದ ಹೊರಟ ಹಳೆಯ ವ್ಯಾನು ಕ್ಯುಪರ್ಟಿನೋ ದಾಟಿ ಫ್ರೀವೇಯಲ್ಲಿ ಉತ್ತರಕ್ಕೆ ಸಾಗುತ್ತಿದೆ. ಬೆಟ್ಟಸಾಲಿನ ಮೇಲೆ ಮಂಜು ಇನ್ನೂ ಕರಗಿಲ್ಲ. ಚಾಲಕ ದೇವರಾಜು ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡುತ್ತಾರೆ. ಹೆದ್ದಾರಿಯಿಂದ ಹೊರಬೀಳುವ ಒಂದೊಂದು ಎಕ್ಸಿಟ್ಟಿಗೂ ಒಂದು ಪ್ರಶ್ನೆ, ಅದು ಅವರ ಪಾಠದ ಕ್ರಮ.

“ಪ್ರೆಸಿಡೆಂಟು ಕಾಂಗ್ರೆಸ್ ಮೆಂಬರ್ರಾ, ಅಕ್ಕ?”

“ನೋ ಸರ್!” ಅರವತ್ತೊಂದು ವರ್ಷದ ಲಿಂಗಮ್ಮನ ದನಿ ವ್ಯಾನು ತುಂಬುತ್ತದೆ.

“ನಂಗ್ಯಾಕೆ ಸರ್ ಅಂತೀರಿ? ಒಳಗೆ ಆಫೀಸರ್‌ಗೆ ಅನ್ನಿ.”

“ಅಭ್ಯಾಸ ಆಗ್ಲಿ ಸುಮ್ನಿರಪ್ಪ. ಹೋದ್ಸಲ ಯೆಸ್ ಸರ್ ಅಂದೇ ಕೆಟ್ಟಿದ್ದು.”

ದೇವರಾಜು ನಗುವುದಿಲ್ಲ. ಆ ‘ಯೆಸ್ ಸರ್’ ಕಲಿಸಿದವರು ಅವರೇ.

ಐವತ್ತನಾಲ್ಕರ ದೇವರಾಜು ಹಾಸನದಲ್ಲಿ ಹತ್ತೊಂಬತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ೧೯೭೩ರಲ್ಲಿ ತಮ್ಮನ ಆಸರೆಯಲ್ಲಿ ಇಲ್ಲಿಗೆ ಬಂದು, ಈಗ ಹೋಟೆಲಿನ ಅತಿಥಿಗಳನ್ನು ವಿಮಾನ ನಿಲ್ದಾಣಕ್ಕೆ ಮುಟ್ಟಿಸುವ ಕೆಲಸದಲ್ಲಿದ್ದಾರೆ. ಮಂಗಳವಾರ ರಜೆ. ಆ ದಿನ ಪೌರತ್ವಕ್ಕೆ ಅರ್ಜಿ ಹಾಕಿದ ಕನ್ನಡದ ಹಿರಿಯರನ್ನು ಐವತ್ತು ಮೈಲಿ ಆಚೆ, ಸ್ಯಾನ್ ಫ್ರಾನ್ಸಿಸ್ಕೋದ ವಲಸೆ ಕಚೇರಿಗೆ ಕರೆದೊಯ್ಯುತ್ತಾರೆ. ಅರ್ಜಿ, ಸಂದರ್ಶನ, ಪ್ರಮಾಣವಚನ ಎಂದು ಆರು ವರ್ಷದಲ್ಲಿ ಇಪ್ಪತ್ತಮೂರು ಸಲ ಹೋಗಿ ಬಂದಿದ್ದಾರೆ. ಅಧಿಕಾರಿ ಕೇಳುವ ಪ್ರಶ್ನೆಗಳಿಗೆ ತಯಾರಿ ದಾರಿಯಲ್ಲೇ ನಡೆಯುತ್ತದೆ.

ಕಳೆದ ನವೆಂಬರ್‌ನಲ್ಲಿ ಮಂಡ್ಯದ ಲಿಂಗಮ್ಮ ಅಲ್ಲಿ ಫೇಲಾಗಿ ಸಪ್ಪೆ ಮುಖದಲ್ಲಿ ವಾಪಸು ಬಂದರು. ಅಧ್ಯಕ್ಷರನ್ನು ಆರಿಸುವವರು ಯಾರು ಎಂದರೆ ಕಾಂಗ್ರೆಸ್ಸಿನ, ಅಂದರೆ ಇಲ್ಲಿನ ಸಂಸತ್ತಿನ, ಸದಸ್ಯರು ಎಂದಿದ್ದರು. ಅಧ್ಯಕ್ಷರು ಆ ಸಭೆಯ ಸದಸ್ಯರೇ? ‘ಯೆಸ್ ಸರ್.’ ಸಭೆಯಲ್ಲಿ ಬಹುಮತ ಹೋದರೆ? ಸರ್ಕಾರ ಬೀಳುತ್ತದೆ, ಮತ್ತೆ ಚುನಾವಣೆ. ಅಧಿಕಾರಿ ಪೆನ್ನು ಕೆಳಗಿಟ್ಟರಂತೆ.

“ನೀನು ಹೇಳ್ಕೊಟ್ಟಂಗೇ ಅಂದೆನಲ್ಲಪ್ಪ ಅಂದ್ರು ಅಕ್ಕ. ತಪ್ಪು ನಂದೇ,” ಎನ್ನುತ್ತಾರೆ ದೇವರಾಜು. “ನಮ್ಮಲ್ಲಿ ಹೆಂಗೋ ಹಂಗೇ ಎಲ್ಲಾ ಕಡೆ ಅಂದ್ಕೊಂಡಿದ್ದೆ. ಪ್ರಧಾನಿ ಅನ್ನೋ ಜಾಗದಲ್ಲಿ ಪ್ರೆಸಿಡೆಂಟು ಅಂತ ಹಾಕ್ಕೊಂಡಿದ್ದೆ, ಅಷ್ಟೆ.”

ಬೆಚ್ಚಿಬೀಳಿಸುವ ಸಂಗತಿಯೆಂದರೆ, ಅದಕ್ಕೂ ಮೊದಲು ಅವರ ಬಳಿ ಕಲಿತ ಏಳು ಮಂದಿಯೂ ಪಾಸಾಗಿದ್ದರು. ಯಾವ ಅಧಿಕಾರಿ ಏನು ಕೇಳುತ್ತಾನೋ ಹೇಳಲಾಗದು. ಆ ಏಳು ಜನರನ್ನು ಕೇಳಿದ್ದು ಬಾವುಟದ ಬಣ್ಣ, ರಾಜಧಾನಿಯ ಹೆಸರು, ಮೊದಲ ಅಧ್ಯಕ್ಷರು ಯಾರು ಎಂಬಂಥದ್ದು. ಸ್ವತಃ ದೇವರಾಜು ೧೯೭೯ರಲ್ಲಿ ಬಾವುಟದಲ್ಲಿ ನಕ್ಷತ್ರಗಳು ಎಷ್ಟು ಎಂದು ಹೇಳಿ ಪ್ರಜೆಯಾದವರು. ತಪ್ಪು ತಿಳಿವಳಿಕೆ ಎಂಟು ಸಲ ಗೆದ್ದಿತ್ತು. ಅದನ್ನು ಯಾರೂ ಒರೆಗೆ ಹಚ್ಚಿರಲೇ ಇಲ್ಲ.

ಮರುದಿನವೇ ದೇವರಾಜು ಕ್ಯಾಂಪ್‌ಬೆಲ್‌ನ ಲೈಬ್ರರಿಗೆ ಹೋಗಿ, ಮಕ್ಕಳ ಪಠ್ಯಪುಸ್ತಕವೊಂದನ್ನು ಬೆರಳಿಟ್ಟು ಓದತೊಡಗಿದರು. ಅಲ್ಲಿದ್ದ ದಿನಪತ್ರಿಕೆಯಲ್ಲಿ ಇನ್ನೊಂದು ಆಘಾತ ಕಾದಿತ್ತು. ಕಾಂಗ್ರೆಸ್ಸಿನ ಕೆಳಮನೆಯಲ್ಲಿ ಈಗ ವಿರೋಧ ಪಕ್ಷದವರದೇ ಬಹುಮತ. ಅಧ್ಯಕ್ಷರು ಮಾತ್ರ ಕುರ್ಚಿಯಲ್ಲಿ ಕ್ಷೇಮ.

“ಎದ್ದು ನಿಂತ್ಬಿಟ್ಟೆ. ದಿನಾ ಟೀವಿ ನೋಡಿದೀನಿ, ಹನ್ನೆರಡು ವರ್ಷ ಗೊತ್ತೇ ಆಗ್ಲಿಲ್ಲ! ಅವ್ರು ಇವ್ರನ್ನ ಬೀಳ್ಸಂಗಿಲ್ಲ, ಇವ್ರು ಅವ್ರ ಸಭೆ ವಿಸರ್ಜನೆ ಮಾಡಂಗಿಲ್ಲ. ದೊಡ್ಡ ತಪ್ಪು ಮಾಡಿದ್ರೆ ವಿಚಾರಣೆ ನಡ್ಸಿ ತೆಗೀಬೋದು, ಅದು ಬೇರೆ.”

ಈಗ ಅವರ ಪಾಠ ಸರಳ. ಕಾಂಗ್ರೆಸ್ಸು ಕಾಯಿದೆ ಮಾಡುತ್ತದೆ. ಅಧ್ಯಕ್ಷರಿಗೆ ಒಪ್ಪಿಗೆಯಾಗದಿದ್ದರೆ ತಿರುಗಿ ಕಳಿಸುತ್ತಾರೆ. ಎರಡೂ ಮನೆಗಳಲ್ಲಿ ಮೂರರಲ್ಲಿ ಎರಡು ಪಾಲು ಮತ ಬಿದ್ದರೆ ಅವರ ಒಪ್ಪಿಗೆಯಿಲ್ಲದೆಯೂ ಅದು ಕಾಯಿದೆ. ಅದು ಸಂವಿಧಾನಕ್ಕೆ ಹೊಂದುವುದಿಲ್ಲವೆಂದರೆ ಕೋರ್ಟು ಹೊಡೆದುಹಾಕಬಹುದು. ಆ ಕೋರ್ಟಿನ ನ್ಯಾಯಾಧೀಶರನ್ನು ಹೆಸರಿಸುವುದು ಅಧ್ಯಕ್ಷರು, ಒಪ್ಪಬೇಕಾದ್ದು ಮೇಲ್ಮನೆ. ಹಳೆಯ ಏಳು ಮಂದಿಗೂ ಫೋನು ಮಾಡಿ ತಪ್ಪೊಪ್ಪಿಕೊಂಡಿದ್ದಾರೆ. “ಪಾಸಾಗಿದೀನಲ್ಲ ಬಿಡೋ,” ಎಂದು ನಕ್ಕವರಿಗೆ, “ವೋಟು ಹಾಕೋರು ನೀವು, ಕೇಳಿಸ್ಕೊಳ್ಳಿ,” ಎಂದು ಗದರಿದ್ದಾರೆ.

ಲಿಂಗಮ್ಮನಿಗೆ ಇದು ಎರಡನೆಯ ಹಾಗೂ ಕೊನೆಯ ಅವಕಾಶ. ತಪ್ಪಿದರೆ ಅರ್ಜಿ ವಜಾ, ಎಲ್ಲವೂ ಮೊದಲಿನಿಂದ. ಮದುವೆಯಾದ ಮಗಳು ಜಲಜಾಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಬೇಕಾದರೆ ತಾಯಿ ಇಲ್ಲಿನ ಪ್ರಜೆಯಾಗಿರಲೇಬೇಕು. “ಅವ್ಳನ್ನ ಆರು ವರ್ಷದಿಂದ ನೋಡಿಲ್ಲ,” ಎಂದಷ್ಟೇ ಹೇಳಿ ಲಿಂಗಮ್ಮ ಕಿಟಕಿಯ ಕಡೆ ತಿರುಗುತ್ತಾರೆ.

ಒಂಬತ್ತು ಗಂಟೆಗೆ ಕಚೇರಿಯಲ್ಲಿ ಅವರ ಹೆಸರು ಕೂಗುತ್ತಾರೆ. ದೇವರಾಜುವಿಗೆ ಒಳಗೆ ಪ್ರವೇಶವಿಲ್ಲ. ಪಡಸಾಲೆಯ ಬೆಂಚಿನಲ್ಲಿ ಕೂರುತ್ತಾರೆ, ಏಳುತ್ತಾರೆ, ಮತ್ತೆ ಕೂರುತ್ತಾರೆ. ಇಪ್ಪತ್ತೆರಡು ನಿಮಿಷ. ಹೊರಬಂದ ಲಿಂಗಮ್ಮನ ಮುಖ ಬಿಳಿಚಿಕೊಂಡಿದೆ. ದೇವರಾಜು ಎದ್ದು ಎದುರು ಬರುತ್ತಾರೆ.

“ಪಾಸಂತೆ ಕಣೋ,” ಎನ್ನುತ್ತಾರೆ ಆಕೆ, ತಾವೇ ನಂಬದವರಂತೆ. “ಪ್ರೆಸಿಡೆಂಟು ಬೇಡ ಅಂದ ಕಾಯಿದೆ ಏನಾಯ್ತದೆ ಅಂದ ಆಫೀಸರು. ಟೂ ಥರ್ಡ್ ಅಂದೆ. ಅಲ್ಲಿಗೇ ಸಾಕು ಅಂದ. ನಾನು ಬಿಡ್ಲಿಲ್ಲ, ಆಮೇಲೂ ಕೋರ್ಟು ನೋ ಅನ್ಬೋದು ಅಂದೆ. ಕಣ್ ಕಣ್ ಬಿಟ್ಟ. ಯಾವ ಲಾಯರು ಕಲ್ಸಿದ್ದು ಅಂದ. ಲಾಯರಲ್ಲ ಸರ್, ಡ್ರೈವರ್ ಅಂದೆ.”

ದೇವರಾಜು ಮತ್ತೆ ಬೆಂಚಿನಲ್ಲಿ ಕೂರುತ್ತಾರೆ. ಕರ್ಚೀಫಿನಿಂದ ಮುಖ ಒರೆಸಿಕೊಳ್ಳಲು ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯುತ್ತದೆ.

“ನನ್ನೆಸ್ರು ಹೇಳಿದ್ರಾ ಅಕ್ಕ?”

“ಕೇಳ್ಲಿಲ್ಲವಲ್ಲ.”

“ಕೇಳ್ದೇ ಇದ್ದಿದ್ದೇ ಒಳ್ಳೇದಾಯ್ತು. ಹೋದ್ಸಲ ಕಲ್ಸಿದ್ದೂ ಅದೇ ಡ್ರೈವರ್ರು ಅಂತ ಅವ್ರಿಗೆ ಗೊತ್ತಾಗೋದು ಬೇಡ.”