ಅಭಾ ಗುಡ್ಡದ ಮೈದಾನಕ್ಕೊಂದು ದಾಖಲೆ

ಬೇರೆಯವರು ತಮ್ಮ ಊರನ್ನು ಹೊಗಳಿಕೊಂಡರೆ ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಅರಬ್ ನಾಡಿನ ಬೆಟ್ಟದೂರು ಅಭಾದ ನಮ್ಮ ಆಸ್ಪತ್ರೆಯಲ್ಲಿ ಪೀಟರ್ ಎಂಬ ಇಂಗ್ಲಿಷ್ ವೈದ್ಯರಿದ್ದಾರೆ. ಚಹಾದ ಹೊತ್ತಿಗೆ ಅವರ ಹುಟ್ಟೂರಿನ ಕ್ರಿಕೆಟ್ ಮೈದಾನದ ಪುರಾಣ ಶುರುವಾಗುತ್ತದೆ. ಊರು ಸಣ್ಣದು, ಮೈದಾನ ಮಾತ್ರ ಅವರ ಮುತ್ತಜ್ಜನಿಗಿಂತ ಹಳೆಯದು. ಯಾರ ಹೊಡೆತಕ್ಕೆ ಚರ್ಚಿನ ಕಿಟಕಿ ಒಡೆಯಿತು, ಯಾವ ಪಾದ್ರಿ ಸೊನ್ನೆಗೆ ಔಟಾದರು ಎಂಬುದೆಲ್ಲ ಅಲ್ಲಿ ಹಲಗೆಯ ಮೇಲೆ ಬರೆದಿಟ್ಟಿದ್ದಾರಂತೆ. ಒಂದು ದಿನ ತಡೆಯಲಾರದೆ, "ನಮಗೂ ಮೈದಾನವಿದೆ, ಶುಕ್ರವಾರ ಬನ್ನಿ" ಎಂದುಬಿಟ್ಟೆ.

ನಮ್ಮ ಮೈದಾನವೆಂದರೆ ಕ್ವಾರ್ಟರ್ಸ್ ಹಿಂದಿನ ಗುಡ್ಡದ ಮೇಲೊಂದು ಬಯಲು. ಹುಲ್ಲಿನ ಹೆಸರಿಲ್ಲ. ಬಟ್ಟೆ ಅಂಗಡಿಯ ಭಟ್ಕಳದ ಖಾದರ್ ಭಾಯ್ ಗೆಳೆಯರೊಡನೆ ಕಲ್ಲು ಆರಿಸಿ, ನಡುವೆ ಸಿಮೆಂಟಿನ ಪಿಚ್ ಹಾಕಿಸಿದರು ಎಂಬಲ್ಲಿಗೆ ಅದರ ಇತಿಹಾಸ ಮುಗಿಯುತ್ತದೆ. ಪೀಟರ್ ಬಂದವರೇ, "ಇಲ್ಲಿಯ ದಾಖಲೆ ಏನು?" ಎಂದರು. ದಾಖಲೆ ಯಾರೂ ಇಟ್ಟಿರಲಿಲ್ಲ. ನನಗೆ ನೆನಪಿದ್ದುದು ನಾನು ಬಿಟ್ಟ ಕ್ಯಾಚುಗಳು ಮಾತ್ರ. ಅದನ್ನು ಹೇಳಲಿಲ್ಲ.

ಅಂದು ಪೀಟರ್ ನಮ್ಮ ತಂಡದಲ್ಲಿ; ಎದುರು ತಂಡದಲ್ಲಿ ಒಬ್ಬರು ಕಡಿಮೆ. ನರ್ಸ್ ಆಗಿರುವ ನನ್ನ ಹೆಂಡತಿ ಶೈಲಾ ಅವರ ಪರ ಬ್ಯಾಟು ಹಿಡಿದಳು. ಆಚೆ ತುದಿಯಲ್ಲಿ ಖಾದರ್ ಭಾಯ್. ಪೀಟರ್ ಎಸೆದ ಚೆಂಡನ್ನು ಅವಳು ಬೀಸಿ ಬಾರಿಸಿದಳು. ಅದು ಉರುಳುತ್ತ ಹೋಗಿ ಬೌಂಡರಿ ಗೆರೆಯ ಒಳಗೇ ನಿಂತಿತು. ಗುಡ್ಡದಿಂದ ಇಳಿದುಬಂದ ದೊಡ್ಡ ಬಬೂನ್ ಕೋತಿಯೊಂದು ಅದನ್ನೆತ್ತಿಕೊಂಡು ಅಲ್ಲೇ ಕೂತಿತು. ಹತ್ತಿರ ಹೋದವರಿಗೆ ಹಲ್ಲು ಕಿರಿಯಿತು.

"ಓಡಿ ಶೈಲಕ್ಕ, ಓಡಿ! ಅದು ಈಗ ಬಿಡುವುದಿಲ್ಲ ಮಾರಾಯ್ರೆ!" ಎಂದು ಖಾದರ್ ಭಾಯ್ ಕೂಗಿದರು.

ನಮ್ಮವರು "ಸಾಕು, ನಿಲ್ಲಿಸಿ" ಎಂದು ಅರಚಿದರು. ಪೀಟರ್ ಕೈಯೆತ್ತಿ, "ಇಲ್ಲ, ಓಡಲಿ" ಎಂದರು. ಅವರಿಬ್ಬರೂ ಓಡಿದರು, ಓಡಿದರು. ಕೊನೆಗೆ ಖಾದರ್ ಭಾಯ್ ಪಿಚ್ಚಿನ ನಡುವೆಯೇ ಕುಸಿದು ಕೂತರು. ಶೈಲಾ ತಿರುಗಿ ಬಂದು, ಕೈಹಿಡಿದು ಎಬ್ಬಿಸಿ, ಅವರನ್ನು ತುದಿ ಮುಟ್ಟಿಸಿದಳು. ಬಬೂನಿನ್ನೂ ಚೆಂಡನ್ನು ಮೂಸುತ್ತಿತ್ತು.

"ನಮ್ಮ ಮೈದಾನದಲ್ಲಿ ಒಂದೇ ಚೆಂಡಿಗೆ ಇಷ್ಟು ಓಡಿದವರಿಲ್ಲ" ಎಂದರು ಪೀಟರ್. ಎದುರು ತಂಡದವನಾದರೂ ನಾನು ಎದೆಯುಬ್ಬಿಸಿ ನಿಂತೆ.

ಮುಂದಿನ ಶುಕ್ರವಾರ ಅವರು ಬಣ್ಣ ತಂದು, ನೀರಿನ ಟ್ಯಾಂಕಿನ ಗೋಡೆಯ ಮೇಲೆ ಶೈಲಾಳ ಹೆಸರು ಬರೆದರು. ಅವಳು ನನ್ನತ್ತ ತಿರುಗಿ, "ಖಾದರ್ ಭಾಯ್ ಹೆಸರೂ ಬರೀಲಿಕ್ಕೆ ಹೇಳಿ. ನಾನೊಬ್ಳೇ ಓಡಿದ್ರೆ ಎಂತ ರನ್ ಆಗ್ತದೆ?" ಎಂದಳು. ಹೇಳಿದೆ. ಪೀಟರ್ ಆ ಹೆಸರನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆದರು. ಖಾದರ್ ಭಾಯ್ ಗೋಡೆ ನೋಡುತ್ತ ನಿಂತರು. ನಾವು ಚಪ್ಪಾಳೆ ತಟ್ಟಿದೆವು, ಫೋಟೋ ತೆಗೆದೆವು.

ಓಡಿದ್ದು ಎಷ್ಟು ರನ್ ಎಂದು ಬರೆಯುವುದು ಯಾರಿಗೂ ನೆನಪಾಗಲಿಲ್ಲ. ಇಂದಿಗೂ ಅಲ್ಲಿ ಎರಡು ಹೆಸರುಗಳಷ್ಟೇ ಇವೆ.