ಅಗಲಿದ ವಾರ್ಡಿಗೆ ಭಾವಪೂರ್ಣ ಶ್ರದ್ಧಾಂಜಲಿ

ಬಂಧುಗಳೇ, ನಾನು ಕ್ಷೇಮ. ಪೆಟ್ಟು ಬಿದ್ದಿಲ್ಲ.

ಪುತ್ತೂರು ನಗರಸಭೆಯ ನಮ್ಮ ಗುಡ್ಡೆಮನೆ ವಾರ್ಡನ್ನು ಪುನರ್ವಿಂಗಡಣೆಯಲ್ಲಿ ಎರಡು ತುಂಡು ಮಾಡಿ ಅಕ್ಕಪಕ್ಕದ ವಾರ್ಡುಗಳಿಗೆ ಹಂಚಿದ್ದಾರಲ್ಲ? ಅದಕ್ಕೊಂದು ಉತ್ತರಕ್ರಿಯೆಯೂ ಆಗಲಿಲ್ಲವಲ್ಲಾ ಎಂಬ ದುಃಖ ತಡೆಯಲಾರದೆ ನಿನ್ನೆ ಸಂಜೆ ನಾನು ಸರ್ಕಲ್ಲಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದೆ. ಬೀದಿ ನಳ್ಳಿಯ ಫೋಟೋ, ಅದಕ್ಕೆ ಹಾರ. ಕೆಳಗೆ ಜೀವನಚರಿತ್ರೆ: ‘ಪುರಸಭೆಯ ಕಾಲದಲ್ಲಿ ಜನನ. ನಗರಸಭೆಯಾದಾಗ ಭಡ್ತಿ. ಬಾಳಿನುದ್ದಕ್ಕೂ ನೀರಿಗಾಗಿ ಕಾದು, ಚರಂಡಿ ಪೂರ್ತಿಯಾಗುವ ಮೊದಲೇ ನಕ್ಷೆಯಲ್ಲಿ ಲೀನ. ದೂರುಗಳಿದ್ದರೆ ವಾರಸುದಾರರಾದ ಪಕ್ಕದ ವಾರ್ಡಿನ ಸದಸ್ಯರನ್ನು ಸಂಪರ್ಕಿಸುವುದು.’

ಇಂದು ಮಧ್ಯಾಹ್ನ ನಮ್ಮ ಮಾಜಿ ಸದಸ್ಯ ಸೀತಾರಾಮಣ್ಣ ಮನೆಯೆದುರು ಸ್ಕೂಟರ್ ನಿಲ್ಲಿಸಿ ಕೂಗಿದರು. “ಆ ಫ್ಲೆಕ್ಸ್ ಕಟ್ಟಿದ್ದು ನೀನಾ?”

ನಾನು ಹಿಂಬಾಗಿಲಿನ ಕಡೆ ನೋಡಿದೆ.

“ಓಡ್ಬೇಡ ಮಾರಾಯ! ವಾರ್ಡ್ ಹೋದ್ರೂ ನೀರು ಬರದಿದ್ರೆ ಜನ ನನಗೇ ಫೋನ್ ಮಾಡುದು. ಇವತ್ತು ಒಂದೂ ಬರ್ಲಿಲ್ಲ. ಕಾಫಿ ಬಿಸಿ ಇರುವಾಗ್ಲೇ ಕುಡಿದೆ, ಗೊತ್ತುಂಟಾ? ಉತ್ತರಕ್ರಿಯೆಯ ಬೊಜ್ಜದ ದಿನದವರೆಗೆ ಅದನ್ನು ಬಿಚ್ಚಬೇಡ.”

ನನಗೆ ಹೋದ ಜೀವ ಬಂತು. ಅವರು ನಗುತ್ತಾ ಹೋದರು.

ಈಗ ಸಂಜೆ ಪಕ್ಕದ ವಾರ್ಡಿನ ಸದಸ್ಯರ ಫೋನ್. ಸುಸ್ತಾದ ಸ್ವರ. “ನಮ್ಮ ವಾರ್ಡಿಗೂ ಒಂದು ಫ್ಲೆಕ್ಸ್ ಮಾಡಿಕೊಡ್ತೀಯಾ?”

“ಅದು ಬದುಕಿ ಉಂಟಲ್ಲ ಅಣ್ಣಾ?”

“ಉಂಟು ಮಾರಾಯ. ಹುಷಾರಿಲ್ಲ ಅಂತ ಹಾಕು.”