ದೇವರ ಜಗಲಿಯ ಅಪೆರಾದಾಕೆ

ನನ್ನ ಗಂಡನಿಗೆ ನಾನು ಎರಡನೆಯವಳು. ಮೊದಲನೆಯವಳು ಮುತ್ತೈದೆಯಾಗಿ ತೀರಿಕೊಂಡಿದ್ದಳು. ಅಂಥವಳಿಗೆ ನಮ್ಮಲ್ಲಿ ಹಬ್ಬ ಹಬ್ಬಕ್ಕೂ ಮೊದಲು ಸೀರೆ ಏರಿಸಿ, ಎಡೆ ಹಿಡಿದು, ಆಮೇಲೆ ನಾವು ಉಡಬೇಕು, ಉಣ್ಣಬೇಕು. ಇಳಕಲ್ಲಿನ ಈ ಮನೆಗೆ ನಾನು ಕಾಲಿಟ್ಟ ದಿನವೇ ದೇವರ ಜಗಲಿಯ ಮೇಲೆ ಆಕೆಯ ಪಟ ಇತ್ತು. ಎತ್ತಿದ ಒಂದು ಕೈ, ಅರ್ಧ ತೆರೆದ ಬಾಯಿ, ಹಣೆಯ ಮೇಲೆ ಸರ, ಮೈತುಂಬ ಮುತ್ತು. ಕೈ ಮುಗಿದೆ. ಸೀರೆ ಮಾತ್ರ ಕಣ್ಣಿಗೆ ಚುಚ್ಚಿತು. ನಿರಿಗೆ ಇಲ್ಲ, ಸೆರಗು ಸೊಂಟಕ್ಕೇ ಮುಗಿದಿದೆ. ಸೀರೆ ನೇಯುವ ಊರಿನಲ್ಲಿ ಇದೆಂಥ ಉಡುಗೆ ಎಂದು ಕೇಳಿದರೆ ನಮ್ಮ ಮನೆಯವರು, "ಆಕಿ ಬಾದಾಮಿ ಕಡಿಯಾಕಿ. ಅಲ್ಲೆ ಹಂಗ ಉಡ್ತಾರ" ಅಂದರು.

ಆಮೇಲೆ ಬಾದಾಮಿಗೆ ಎಷ್ಟೋ ಸಲ ಹೋಗಿಬಂದೆ. ಹಾಗೆ ಉಟ್ಟವರನ್ನು ಒಬ್ಬರನ್ನೂ ಕಾಣಲಿಲ್ಲ. ಆಕೆಯ ತವರಿನವರಷ್ಟೇ ಉಡುತ್ತಿರಬೇಕು ಎಂದುಕೊಂಡು ಸುಮ್ಮನಾದೆ.

ಗಂಡನ ಅಕ್ಕನನ್ನು ಗುಡೂರಿಗೆ ಕೊಟ್ಟಿದೆ. ಆಕೆ ಬಂದಾಗೆಲ್ಲ ಪಟದ ಮುಂದೆ ನಿಂತು ನನಗೆ ಕೇಳುವಂತೆ ಅನ್ನುವಳು: "ಮೂಗು ಅಂದ್ರ ಇದು. ನಿಂದು ಐತಿ ನೋಡು, ಬಟಾಟಿ!"

ಈಚೆಗೆ ಮೊಮ್ಮಗಳ ಮದುವೆ ಬಂತು. ಬೀಗರು ಬಾಗಲಕೋಟೆಯವರು, ಶಾಲೆಯಲ್ಲಿ ಕಲಿಸುವ ಜನ. ಅರಿಷಿಣದ ದಿನ ಮಧ್ಯಾಹ್ನ ಅವರು ಬರುವವರಿದ್ದರು. ಅಷ್ಟರೊಳಗೆ ತೀರಿಕೊಂಡ ಹಿರಿಯಾಕೆಗೆ ಸೀರೆ ಏರಿಸಬೇಕು, ಅದಾಗದೆ ಯಾರೂ ಅರಿಷಿಣ ಮುಟ್ಟುವಂತಿಲ್ಲ. ಮೊಮ್ಮಗಳು ಮೊಬೈಲಿನಲ್ಲಿ ಪಟದ ಫೋಟೋ ಹೊಡೆದಳು. ಅದೇನು ಒತ್ತಿದಳೋ, ಅದೇ ಕೈ, ಅದೇ ಬಾಯಿ, ಅದೇ ಸೀರೆ ಮೊಬೈಲಿನೊಳಗೇ ಬಂತು.

"ಆಯಿ, ಈಕಿ ನಮ್ಮಾಕಿ ಅಲ್ಲ. ಫಾರಿನ್ನಾಕಿ. ನೂರು ವರ್ಷದ ಹಿಂದ ಅಪೆರಾದಾಗ ಹಾಡ್ತಿದ್ಲಂತ. ನಮ್ಮ ದೇಶದ ಹುಡುಗಿ ವೇಷ ಹಾಕ್ಯಾಳ."

"ಅಪೆರಾ ಅಂದ್ರ ಏನು?"

"ಕಂಪನಿ ನಾಟಕ ಇದ್ದಂಗ. ಆದ್ರ ಮಾತಿಲ್ಲ, ಬರೇ ಹಾಡು. ಸಾಯಾಗೂ ಹಾಡ್ಕೋಂತ ಸಾಯ್ತಾರ."

"ಸಾಯಾಗ ಅಷ್ಟು ದಮ್ಮು ಎಲ್ಲಿಂದ ಬರ್ತೈತಿ?"

"ದಮ್ಮು ಇದ್ದಾರಿಗೇ ಸಾಯೂ ಪಾರ್ಟು ಕೊಡ್ತಾರ ಆಯಿ."

ಆಕೆಯ ಹಳೆಯ ರಿಕಾರ್ಡನ್ನೂ ಹಚ್ಚಿದಳು. ಗರಗರ ಸಪ್ಪಳದ ನಡುವೆ ಒಂದು ದನಿ ಏರುತ್ತ ಹೋಯಿತು, ಇಳಿಯುವ ಹಾಗೆ ಕಾಣಲಿಲ್ಲ. ಮದುವೆಗೆ ಬಂದಿದ್ದ ಗುಡೂರಿನಾಕೆ ಒಳಗಿನಿಂದ ಕೋಲೂರಿಕೊಂಡು ಬಂದಳು. "ಯಾರಿಗೆ ಹಡಿಯೂ ಬ್ಯಾನಿ ಬಂದಾವು?"

ಸಂಗತಿ ಹೇಳಿದೆವು. ಆಕೆ ಜಗಲಿಗೆ ಅಡ್ಡವಾಗಿ ಕೂತುಬಿಟ್ಟಳು. "ಈಕಿ ಮುತ್ತೈದಿ ಆಗಿ ಸತ್ತಾಳೋ, ಗಂಡನ್ನ ಕಳಕೊಂಡು ಸತ್ತಾಳೋ? ಗಂಡ ಮೊದಲ ಹೋಗಿದ್ರ ಇಷ್ಟು ವರ್ಷ ಗಂಡ ಸತ್ತಾಕಿಗೆ ಕುಂಕುಮ ಹಚ್ಚಿದಂಗಾತು. ಇದು ತಿಳಿಯೂತನಕ ಕೂಸಿಗೆ ಅರಿಷಿಣ ಹಚ್ಚಗೊಡೂದಿಲ್ಲ."

ಮೊಮ್ಮಗಳ ಮುಖ ಬಾಡಿತು. ಬೀಗರು ಆಗಲೇ ಹೊರಟಿದ್ದರು. ನಮ್ಮ ಹುಡುಗಿಯ ಮದುವೆ ಹೋಗಿ ಹೋಗಿ ಕಂಡರಿಯದ ಹಾಡುಗಾರ್ತಿಯ ಗಂಡನ ಕೊರಳಿಗೆ ಬಿತ್ತು.

"ಅದರಾಗ ನೋಡು, ಆಕಿ ಗಂಡ ಯಾವಾಗ ಸತ್ತ?" ಅಂದೆ.

"ಯಾವ ಗಂಡ ಆಯಿ? ಮೂರು ಮಂದಿ ಅದಾರ." ಹುಡುಗಿ ಓದಿ ಹೇಳಿದಳು. "ಒಬ್ಬನ್ನ ಬಿಟ್ಟಾಳ. ಒಬ್ಬ ಸತ್ತಾನ. ಮೂರನೇದಾಂವ ಆಕಿ ಸತ್ತ ಮ್ಯಾಲೂ ಇದ್ದ."

"ಮುಗೀತಲ್ಲ, ಮುತ್ತೈದಿ."

"ಉಡಕಿ ಆದಾಕಿ ಯಾವ ಸೀಮಿ ಮುತ್ತೈದಿ?" ಅಂದಳು ಗುಡೂರಿನಾಕೆ. ಮರುಮದುವೆಯನ್ನು ಉಡಕಿ ಅನ್ನುತ್ತಾರೆ.

"ಆತು ಯಕ್ಕಾ, ಈಕಿನ್ನ ಬಿಡು. ನಾವು ಸೀರಿ ಏರಸೂದು ನಿನ್ನ ತಮ್ಮನ ಹೆಂಡತಿಗೆ. ಆಕಿ ಹೆಂಗಿದ್ಲು, ಹೇಳು."

ಆಕೆ ಕೋಲಿನ ತುದಿ ನೋಡಿದಳು. "ಮದುವ್ಯಾಗ ಬಾಸಿಂಗ ಕಟ್ಟಿತ್ತು, ಮುಖ ಎಲ್ಲಿ ಕಾಣ್ತೈತಿ? ವರ್ಷ ತುಂಬೂದ್ರಾಗ ಸತ್ಲು. ಆವಾಗ ಹಳ್ಳ ಬಂದಿತ್ತು, ನಾ ಬರೂದ್ರಾಗ ಮಣ್ಣಾಗಿತ್ತು."

"ಮತ್ತ ಮೂಗು, ಮೂಗು ಅಂತಿದ್ದಿ?"

"ಪಟದಾಗಿಂದು ಹೇಳ್ತಿದ್ದೆ. ಮೂಗು ಚಲೋ ಐತೋ ಇಲ್ಲೋ?"

ಹೊರಗೆ ಕಟ್ಟೆಯ ಮೇಲೆ ನಮ್ಮ ಮನೆಯವರು ಎಲೆ ಅಡಿಕೆ ಕುಟ್ಟುತ್ತಿದ್ದರು. ಕಿವಿಯ ಹತ್ತಿರ ಬಾಗಿ ಕೂಗಿ ಕೇಳಿದೆ.

"ಆಕಿ ಫೋಟೋನ ತಗಸಿದ್ದಿಲ್ಲ" ಅಂದರು. "ಜಗಲಿ ಬೋಳು ಕಾಣ್ತಿತ್ತು. ಕಲಾದಗ್ಯಾಗ ಸಾಹೇಬರ ಹಳೀ ಬಂಗ್ಲೆ ಸಾಮಾನು ಹರಾಜು ಹಾಕಿದ್ರು, ಅಲ್ಲೆ ತಂದೆ. ಚೌಕಟ್ಟು ಸಾಗವಾನಿದು."

"ಬಾದಾಮಿ ಕಡೆ ಹಂಗ ಉಡ್ತಾರ ಅಂದಿದ್ರಿ?"

"ನೀ ಕೇಳಿದಿ. ಏನರ ಒಂದು ಹೇಳಬೇಕಲ್ಲ."

"ಖರೇನ ಆಕಿ ಹೆಂಗಿದ್ಲು?"

ಕುಟ್ಟುವುದು ನಿಂತಿತು. "ಕಿವಿ ದೊಡ್ಡುವಿದ್ದುವು."

"ಮತ್ತ?"

"ಅಷ್ಟ."

ಒಳಗೆ ಬಂದು ಅವರು ಅಂದದ್ದನ್ನು ಹೇಳಿ, ಎರಡು ಮಣೆ ಹಾಕಿದೆ. ಪಟದಾಕೆಗೊಂದು. ಇಷ್ಟು ವರ್ಷ ನಮ್ಮ ಹೋಳಿಗೆ ಉಂಡವಳನ್ನು ಈಗ ಗಂಡಂದಿರನ್ನು ಎಣಿಸಿ ಎಬ್ಬಿಸುವುದಕ್ಕೆ ನಾನು ತಯಾರಿರಲಿಲ್ಲ. ಇನ್ನೊಂದು, ಹಿರಿಯಾಕೆಯ ಮಣೆಯ ಮೇಲೆ ತಂಬಿಗೆ ಇಟ್ಟು, ಅದರ ಮೇಲೆ ತೆಂಗಿನಕಾಯಿ ಕೂರಿಸಿ, ಹೊಸ ಹಸಿರು ಸೀರೆ ನಿರಿಗೆ ಹಿಡಿದು ಉಡಿಸಿದೆ. ನನ್ನ ಬೆಂಡೋಲೆ ಬಿಚ್ಚಿದೆ. ಕಾಯಿಗೆ ಕಿವಿ ಎಲ್ಲಿಂದ ತರುವುದು? ದಾರ ಪೋಣಿಸಿ ಜುಟ್ಟಿನಿಂದ ಎರಡೂ ಕಡೆ ಇಳಿಬಿಟ್ಟೆ.

ಗುಡೂರಿನಾಕೆ ಎದ್ದು ಹತ್ತಿರ ಬಂದಳು. ಇನ್ನೇನು ತಕರಾರು ತೆಗೆಯುತ್ತಾಳೋ ಎಂದು ಮೊಮ್ಮಗಳು ನನ್ನ ಸೆರಗು ಹಿಡಿದಳು.

"ಇನ್ನೊಂದೀಟು ಕೆಳಗ ಬಿಡು" ಅಂದಳು. "ದೊಡ್ಡ ಕಿವಿ ಅಂದಾನಲ್ಲ."

ದಾರ ಸಡಿಲಿಸಿ ಕೆಳಗೆ ಬಿಟ್ಟೆ. ಆಕೆಯೇ ಮೊದಲು ಕಾಯಿಗೆ ಕುಂಕುಮ ಇಟ್ಟು, ಅರಿಷಿಣದ ಬಟ್ಟಲನ್ನು ಹುಡುಗಿಯ ಕೈಗೆ ಕೊಟ್ಟಳು.